ಓರಿಜಿನಲ್ ಮಡಿವಂತರಿಗೆ ಎರಡು ಮಾತು

ನಮ್ಮ ಕ್ಯಾಂಪಿನಿಂದ ಕ್ವಾರ್ಟರ್ ಗೇಟ್ ದಾಟಿ ನಾನಾ ಪೇಠೆಗೆ ಹೋದರೆ ಬಿಡಿಭಾಗದ ಅಂಗಡಿಗಳ ಸಾಲು. ಯಾವ ಅಂಗಡಿಗೆ ಹೋಗಿ ಏನೇ ಕೇಳಿ, ಕೌಂಟರಿನವನ ಮೊದಲ ಪ್ರಶ್ನೆ ಒಂದೇ: "ಓರಿಜಿನಲ್ ಪಾಹಿಜೆ ಕೀ ಡುಪ್ಲಿಕೇಟ್?" ಪ್ರಪಂಚದಲ್ಲಿ ಎರಡೇ ಜಾತಿ. ಒಂದು ಮೇಲು, ಇನ್ನೊಂದು ಕೀಳು. ನಡುವೆ ಏನೂ ಇಲ್ಲ.

ಈ ಎರಡು ಜಾತಿಯ ಶಾಸ್ತ್ರ ಎಷ್ಟು ಸುಳ್ಳು, ಅದರಿಂದ ಎಷ್ಟು ಒಳ್ಳೆಯ ಯಂತ್ರಗಳು ಹಾಳಾಗುತ್ತಿವೆ ಅಂತ ಹೇಳೋದಕ್ಕೇ ಈ ಬರಹ. ನಾನು ಇಂಜಿನಿಯರ್ ಅಲ್ಲ. ಬಿ.ಕಾಂ. ಮಾಡಿ ಬ್ಯಾಂಕ್ ಸೇರಿದವನು, ಲೆಕ್ಕದ ಮನುಷ್ಯ. ಆದರೆ ಈ ವಿಷಯದಲ್ಲಿ ಇಂಜಿನಿಯರಿಂಗಿಗಿಂತ ಲೆಕ್ಕವೇ ಹೆಚ್ಚು ತಪ್ಪುತ್ತಿದೆ ಅನ್ನೋದು ನನ್ನ ತಕರಾರು.

ಜಗಳ ಶುರುವಾಗಿದ್ದು ನಮ್ಮ ಮನೆಯಲ್ಲೇ. ಅಣ್ಣನ ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಎಲ್ಲರ ಮಕ್ಕಳೂ ದೊಡ್ಡ ಎಸ್‌ಯುವಿ ತಗೊಂಡರೆ ಇವನು ಹುಡುಕಿ ಹುಡುಕಿ ತಗೊಂಡಿದ್ದು 1993ರ ಮಾಜ್ದಾ ಆರ್‌ಎಕ್ಸ್-7. ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಒಳಗೆ ಪಿಸ್ಟನ್ನೇ ಇಲ್ಲದ ರೋಟರಿ ಇಂಜಿನ್. ಮೂವತ್ತು ವರ್ಷ ದಾಟಿದ ಕಾರು, ಅದರ ಮೂಲ ರೇಡಿಯೇಟರು ಇನ್ನೂ ಅದರಲ್ಲೇ ಇತ್ತು. ಅದರ ಪ್ಲಾಸ್ಟಿಕ್ ಟ್ಯಾಂಕು ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಂಡಿತು. ಇದರಲ್ಲಿ ಕಂಪನಿಯದೇನೂ ತಪ್ಪಿಲ್ಲ. ಬಿಸಿನೀರಿನಲ್ಲಿ ಮೂವತ್ತು ವರ್ಷ ಬೆಂದ ಪ್ಲಾಸ್ಟಿಕ್ಕಿಗೆ ಇದಕ್ಕಿಂತ ಹೆಚ್ಚಿಗೆ ಏನು ಕೇಳೋಣ?

ಹುಡುಗ ಪೂರ್ತಿ ಅಲ್ಯೂಮಿನಿಯಮ್ಮಿನ ಬೇರೆ ಕಂಪನಿಯ ರೇಡಿಯೇಟರ್ ಹಾಕಿಸ್ತೀನಿ ಅಂದ. ಹುಬ್ಬಳ್ಳಿಯಲ್ಲಿರೋ ಅಣ್ಣನಿಂದ ಆಜ್ಞೆ ಹೊರಟಿತು: "ಡುಪ್ಲಿಕೇಟ್ ಹಾಕಬ್ಯಾಡ. ಜಪಾನಿನಿಂದ ಓರಿಜಿನಲ್ ಸಿಗೋತನಕ ಹಂಗ ಓಡಿಸು." ಹುಡುಗ ನನಗೆ ಫೋನ್ ಮಾಡಿದ. "ಕಾಕಾ, ಏನ್ ಮಾಡ್ಲಿ?" ನಾನು ಹೇಳಿದ್ದು ಒಂದೇ ಮಾತು. "ಇವತ್ತೇ ಬದಲಿಸು, ಅಲ್ಲೀತನಕ ಚಾವಿ ಮುಟ್ಟಬ್ಯಾಡ." ಅಂದಿನಿಂದ ಅಣ್ಣನಿಗೂ ನನಗೂ ವಾದ ನಡೆದೇ ಇದೆ. ಅವನೊಬ್ಬನ ಜೊತೆಯ ವಾದ ಆಗಿದ್ದರೆ ಇಲ್ಲಿ ಬರೀತಿರಲಿಲ್ಲ. ಈ ಮಡಿವಂತಿಕೆ ಊರೆಲ್ಲಾ ಇದೆ ಸ್ವಾಮಿ.

ಮೊದಲು ಇಂಜಿನ್ ವಿಷಯ. ಇದು ತಿಳಿಯದೆ ಜಗಳ ಅರ್ಥವಾಗೋದಿಲ್ಲ.

ಮಾಮೂಲಿ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತೆ. ರೋಟರಿಯಲ್ಲಿ ಮೂರು ಮೂಲೆಯ ಒಂದು ರೋಟರ್, ಉಬ್ಬಿದ ಅಂಚಿನ ತ್ರಿಕೋನದ ಹಾಗೆ, ಎಂಟರ ಆಕಾರದ ಗೂಡಿನೊಳಗೆ ಸುತ್ತುತ್ತೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರ ಕಲ್ಪನೆ ಅದು. 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಬಾರಿ ಓಡಿತು. ಎಷ್ಟೋ ಕಂಪನಿಗಳು ಲೈಸೆನ್ಸ್ ತಗೊಂಡು ಕೈಬಿಟ್ಟವು. ಹಿರೋಷಿಮಾದಲ್ಲಿ ಬಿರಡೆ ತಯಾರಿಸುವ ಕಂಪನಿಯಾಗಿ 1920ರಲ್ಲಿ ಹುಟ್ಟಿದ ಮಾಜ್ದಾ ಮಾತ್ರ ಹಟ ಹಿಡಿದು ಕೂತಿತು. 1967ರಲ್ಲಿ ಕಾಸ್ಮೋ ಸ್ಪೋರ್ಟ್, 1978ರಲ್ಲಿ ಮೊದಲ ಆರ್‌ಎಕ್ಸ್-7. 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರು ಲೆ ಮಾನ್ಸ್‌ನ 24 ಗಂಟೆಗಳ ರೇಸನ್ನೇ ಗೆದ್ದುಬಿಟ್ಟಿತು. ಆರ್‌ಎಕ್ಸ್-7 ತಯಾರಿಕೆ ನಿಂತದ್ದು 2002ರಲ್ಲಿ.

"ನಮಗ್ಯಾಕ್ರೀ ಈ ಜಪಾನಿನ ಪುರಾಣ" ಅನ್ನಬೇಡಿ. ರೋಟರಿ ನಮ್ಮ ನೆಲದಲ್ಲೂ ಹಾರಿದೆ. ಡಿಆರ್‌ಡಿಒದ ನಿಶಾಂತ್ ಅನ್ನೋ ಮಾನವರಹಿತ ವಿಮಾನಕ್ಕೆ ಮೊದಲು ವಿದೇಶಿ ಇಂಜಿನ್ ಇತ್ತು. ಅದರ ಜಾಗಕ್ಕೆ ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಪುಣೆಯಿಂದ ಕೂಗಳತೆಯಲ್ಲಿರುವ, ಆಗ ಅಹ್ಮದ್‌ನಗರ ಅನ್ನುತ್ತಿದ್ದ ಊರಿನ ವಿಆರ್‌ಡಿಇ, ಮೂರೂ ಸೇರಿ 55 ಅಶ್ವಶಕ್ತಿಯ ವಾಂಕೆಲ್ ಇಂಜಿನ್ ಮಾಡಿದರು. 2009ರಲ್ಲಿ ಕೋಲಾರದ ಹತ್ತಿರ ಅದು ಹಾರಿತು. ಕನ್ನಡಿಗರ ಊರು, ಮರಾಠಿಗರ ಊರು ಸೇರಿ ಮಾಡಿದ ರೋಟರಿ! ಆವತ್ತು ಯಾರಾದರೂ "ಅಯ್ಯೋ, ಓರಿಜಿನಲ್ ತೆಗೆದು ಡುಪ್ಲಿಕೇಟ್ ಹಾಕಿದರು" ಅಂದರೇ? ಎಲ್ಲರೂ ಹೆಮ್ಮೆಪಟ್ಟರು. ಇಡೀ ಇಂಜಿನ್ನನ್ನೇ ಬದಲಿಸಿದರೆ ಹೆಮ್ಮೆ, ನೀರು ತಣಿಸೋ ಪೆಟ್ಟಿಗೆ ಬದಲಿಸಿದರೆ ಅಪಚಾರ. ಇದ್ಯಾವ ನ್ಯಾಯ?

ಈಗ ಶಾಖದ ಮಾತು. ಪಿಸ್ಟನ್ ಇಂಜಿನ್ನಿನಲ್ಲಿ ಉರಿಯುವ ಜಾಗಕ್ಕೇ ಮುಂದಿನ ಸುತ್ತಿನಲ್ಲಿ ತಣ್ಣನೆಯ ಹೊಸ ಗಾಳಿ ಬರುತ್ತೆ, ಒಂದಿಷ್ಟು ಉಸಿರಾಡುತ್ತೆ. ರೋಟರಿಯಲ್ಲಿ ಹಾಗಿಲ್ಲ. ಗೂಡಿನ ಒಂದು ಮಗ್ಗುಲಲ್ಲಿ ಯಾವಾಗಲೂ ಗಾಳಿ ಒಳಗೆ ಬರೋದು, ಇನ್ನೊಂದು ಮಗ್ಗುಲಲ್ಲಿ ಯಾವಾಗಲೂ ಬೆಂಕಿ. ಬಿಸಿಯಾಗೋ ಮಗ್ಗುಲಿಗೆ ಬಿಡುವೇ ಇಲ್ಲ. ಅದೂ ಅಲ್ಲದೆ ಈ ಇಂಜಿನ್ ಒಂದೇ ಎರಕ ಅಲ್ಲ. ಕಬ್ಬಿಣದ ತಟ್ಟೆ, ಅಲ್ಯೂಮಿನಿಯಮ್ ಗೂಡು, ಮತ್ತೆ ಕಬ್ಬಿಣ, ಮತ್ತೆ ಅಲ್ಯೂಮಿನಿಯಮ್, ಕೊನೆಗೆ ಕಬ್ಬಿಣ. ಟಿಫಿನ್ ಕ್ಯಾರಿಯರಿನ ಡಬ್ಬಿಗಳ ಹಾಗೆ ಐದು ತುಂಡುಗಳನ್ನು ಜೋಡಿಸಿ ಉದ್ದನೆಯ ಬೋಲ್ಟುಗಳಿಂದ ಬಿಗಿದಿರುತ್ತಾರೆ. ನಡುನಡುವೆ ನೀರು ಸೋರದಂತೆ ರಬ್ಬರಿನ ಸೀಲು. ಬಿಸಿಯಾದಾಗ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತೆ. ಮಿತಿಯಲ್ಲಿದ್ದರೆ ಸೀಲುಗಳು ತಾಳಿಕೊಳ್ಳುತ್ತವೆ. ಒಮ್ಮೆ ಮಿತಿಮೀರಿ ಕುದಿಯಿತೋ, ಗೂಡು ಸೊಟ್ಟಗಾಗಬಹುದು, ಸೀಲು ಹೋಗಬಹುದು, ನೀರು ಉರಿಯುವ ಕೋಣೆಗೆ ನುಗ್ಗಬಹುದು. ಆಮೇಲೆ ಇಂಜಿನ್ ಇಳಿಸಿ ಪೂರ್ತಿ ಬಿಚ್ಚೋದೊಂದೇ ದಾರಿ.

ನಮ್ಮ ಹಳೇ ಫಿಯಟ್, ಅಂಬಾಸಿಡರ್‌ಗಳು ಘಾಟಿನಲ್ಲಿ ಕುದಿದರೆ ಬಾನೆಟ್ ಎತ್ತಿ, ಅರ್ಧ ಗಂಟೆ ಕೂತು, ಚಹಾ ಕುಡಿದು, ಕ್ಯಾನಿನಿಂದ ನೀರು ಸುರಿದು ಮುಂದೆ ಹೋಗ್ತಿದ್ದೆವು. ಪುಣೆಯಿಂದ ಊರಿಗೆ ಹೊರಟವರಿಗೆಲ್ಲಾ ಗೊತ್ತು. ಕಾತ್ರಜ್ ದಾಟಿದರೆ ಖಂಬಾಟ್ಕಿ, ಖಂಬಾಟ್ಕಿ ಏರೋದರೊಳಗೆ ಮುಳ್ಳು ಕೆಂಪಿಗೆ. ನಿಪ್ಪಾಣಿ ಬರೋತನಕ ಜೀವ ಕೈಯಲ್ಲಿ. ಆ ಇಂಜಿನ್ನುಗಳು ಕ್ಷಮಿಸುತ್ತಿದ್ದವು. ರೋಟರಿ ಕ್ಷಮಿಸೋದಿಲ್ಲ. ಮೇಲಾಗಿ ಹುಡುಗನ ಕಾರಿನ ಡ್ಯಾಶ್‌ಬೋರ್ಡಿನ ಮುಳ್ಳು ಬಲು ಸಮಾಧಾನಿ. ನೀರಿನ ಶಾಖ ಎಷ್ಟೋ ಡಿಗ್ರಿ ಏರಿದರೂ ನಡುವೆಯೇ ನಿಂತಿರುತ್ತೆ. ಅದು ಅಲ್ಲಾಡೋ ಹೊತ್ತಿಗೆ ಕಥೆ ಮುಗಿದಿರುತ್ತೆ. ಅದಕ್ಕೇ ಆ ಕಾರಿನವರು ಬೇರೆ ಮೀಟರ್ ಹಾಕಿಸಿಕೊಳ್ಳೋದು.

ಹೀಗಿರುವಾಗ "ಓರಿಜಿನಲ್ ಸಿಗೋತನಕ ಹಂಗ ಓಡಿಸು" ಅನ್ನೋದು ಏನು ಸಲಹೆ? ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳ್ತೀನಿ ಕೇಳಿ. ರೇಡಿಯೇಟರ್ ಅನ್ನೋದು ಸವೆಯೋ ಖಾತೆ. ಟಯರು, ಬ್ಯಾಟರಿ, ಬೆಲ್ಟಿನ ಹಾಗೆ. ಇಂಜಿನ್ ಅನ್ನೋದು ಅಸಲು. ಸವೆಯೋ ಖಾತೆಯನ್ನು ಮುಟ್ಟಬಾರದು ಅಂತ ಅಸಲನ್ನೇ ಪಣಕ್ಕಿಡೋದು ಯಾವ ಲೆಕ್ಕಶಾಸ್ತ್ರ? ನೂರು ರೂಪಾಯಿ ವಸೂಲಿಗೆ ಹೋಗಿ ಸಾವಿರ ರೂಪಾಯಿ ವಕೀಲರಿಗೆ ಕೊಟ್ಟ ಹಾಗಾಯಿತು.

ಇನ್ನು "ಓರಿಜಿನಲ್" ಅಂದರೆ ಏನು ಅಂತ ನೋಡೋಣ. ಕಾರು ಕಂಪನಿಯವರು ರೇಡಿಯೇಟರನ್ನು ತಮ್ಮ ಕೈಯಾರೆ ಮಾಡ್ತಾರೆ ಅಂತ ನೀವು ನಂಬಿದ್ದರೆ ಒಂದು ಭಾನುವಾರ ಪುಣೆಗೆ ಬನ್ನಿ. ಹಿಂಜೇವಾಡಿ ಅಂದರೆ ನಮ್ಮ ಹುಡುಗರಿಗೆ ಸಾಫ್ಟ್‌ವೇರ್. ಅದೇ ಹಿಂಜೇವಾಡಿಯಲ್ಲಿ ಟಾಟಾ ಮತ್ತು ಜಪಾನಿನ ಟೊಯೊ ರೇಡಿಯೇಟರ್ ಕೂಡಿ ಕಟ್ಟಿದ ಕಾರ್ಖಾನೆ ಇದೆ. ಚಾಕಣದಲ್ಲಿ ಜರ್ಮನಿಯ ಬೇರ್ ಕಂಪನಿಯ ಹೆಸರಿನಲ್ಲಿ ಶುರುವಾಗಿ ಈಗ ಮಾಹ್ಲೆ ಹೆಸರೂ ಸೇರಿಕೊಂಡ ಕಾರ್ಖಾನೆ ಇದೆ. ಕಾರು ಕಂಪನಿ ನಕ್ಷೆ, ಅಳತೆ, ದರ ಒಪ್ಪಿಸುತ್ತೆ. ಮಾಡಿಕೊಡೋರು ಇಂಥವರು. ಅದನ್ನು ಕಾರು ಕಂಪನಿಯ ಡಬ್ಬಿಗೆ ಹಾಕಿದರೆ "ಓರಿಜಿನಲ್". ತಯಾರಕರು ತಮ್ಮದೇ ಡಬ್ಬಿಗೆ ಹಾಕಿ ಮಾರಿದರೆ ನಾನಾ ಪೇಠೆಯ ಬಾಯಲ್ಲಿ "ಕಂಪನಿದಲ್ಲ". ಡಬ್ಬಿ ನೋಡಿ ಜಾತಿ ಕಟ್ಟೋದು ಇದೇ ಅಲ್ಲವೇ?

ಹಾಗಂತ ಮೋಸ ಇಲ್ಲ ಅಂತಲ್ಲ. ಇಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ, ನಮ್ಮ ಜನ ಎರಡನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ಒಂದು, ಕಾರು ಕಂಪನಿಯ ಮುದ್ರೆಯ ಭಾಗ. ಎರಡು, ಬೇರೆ ತಯಾರಕ ತನ್ನ ಹೆಸರು ಹಾಕಿ, ತನ್ನ ವಾರಂಟಿ ಕೊಟ್ಟು ಮಾರೋ ಭಾಗ. ಮೂರು, ಕಂಪನಿಯ ಹೆಸರು, ಹೊಲೊಗ್ರಾಮ್, ಡಬ್ಬಿ ಎಲ್ಲಾ ಕದ್ದು ಮಾಡಿದ ನಕಲಿ. ಮೂರನೆಯದು ಅಪರಾಧ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅದಕ್ಕೆ ಜೈಲಿದೆ. ಎರಡನೆಯದು ವ್ಯಾಪಾರ. ನಮ್ಮ ಬ್ಯಾಂಕಿನ ಕೌಂಟರಿಗೆ ಬೇರೆ ಬ್ಯಾಂಕಿನ ಚೆಕ್ ಬಂದರೆ ಅದನ್ನು ಖೋಟಾ ನೋಟು ಅಂತ ಪೊಲೀಸರಿಗೆ ಕೊಡ್ತೀವಾ? ಆ ಬ್ಯಾಂಕಿಗೆ ಕಳಿಸ್ತೀವಿ, ಅವರು ಸಹಿ ನೋಡ್ತಾರೆ, ಖಾತೆಯಲ್ಲಿ ದುಡ್ಡಿದೆಯಾ ನೋಡ್ತಾರೆ, ಪಾಸ್ ಮಾಡ್ತಾರೆ. ತನ್ನ ಹೆಸರು ಹಾಕಿಕೊಂಡವನು ಜವಾಬ್ದಾರಿ ಹೊತ್ತವನು. ಅವನನ್ನೂ ಕಳ್ಳನನ್ನೂ "ಡುಪ್ಲಿಕೇಟ್" ಅನ್ನೋ ಒಂದೇ ಬೈಗುಳದಲ್ಲಿ ಸೇರಿಸಿದ್ದರಿಂದ ಲಾಭ ಆಗಿದ್ದು ಕಳ್ಳನಿಗೆ. ಜನ ಡಬ್ಬಿಯನ್ನೇ ನಂಬಿದಾಗ ಅವನು ಡಬ್ಬಿಯನ್ನೇ ಚೆನ್ನಾಗಿ ಮಾಡೋದನ್ನು ಕಲಿತ.

ಅಣ್ಣನ ಎರಡನೇ ಬಾಣ: "ಹಂಗಾರ ಕಂಪನಿಯವರು ಪ್ಲಾಸ್ಟಿಕ್ ಹಾಕಿದ್ದು ಹುಚ್ಚರಾಗಿಯೇನು?" ಹುಚ್ಚರಲ್ಲ, ಲೆಕ್ಕದವರು. ಪ್ಲಾಸ್ಟಿಕ್ ಟ್ಯಾಂಕು ಹಗುರ, ಅಗ್ಗ, ಅಚ್ಚಿನಲ್ಲಿ ಸರಸರ ಮಾಡಬಹುದು. ಹೊಸ ಕಾರಿಗೆ ಬೇಕಾದಷ್ಟು ವರ್ಷ ಬಾಳುತ್ತೆ. ಆ ಕಾರಿನ ನಕ್ಷೆ ಬರೆದವರು 2020ರ ದಶಕದಲ್ಲಿ ಡಲ್ಲಾಸಿನ ಬೇಸಿಗೆಯಲ್ಲಿ ಹುಬ್ಬಳ್ಳಿ ಮೂಲದ ಹುಡುಗ ಓಡಿಸ್ತಾನೆ ಅಂತ ಲೆಕ್ಕ ಹಾಕಿರಲಿಲ್ಲ. ಅವರ ಲೆಕ್ಕ ಅವರ ಕಾಲಕ್ಕೆ ಸರಿ. ನಮ್ಮ ಲೆಕ್ಕ ನಾವು ಮಾಡಬೇಕು. ಇನ್ನೊಂದು ವಿಷಯ ಮಡಿವಂತರು ಮರೀತಾರೆ. ಎಲ್ಲೋ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ "ಹೊಸ ಓರಿಜಿನಲ್" ಸಿಕ್ಕಿತು ಅಂತಿಟ್ಟುಕೊಳ್ಳಿ. ಪ್ಲಾಸ್ಟಿಕ್ಕೂ ರಬ್ಬರೂ ಡಬ್ಬಿಯೊಳಗೂ ಮುಪ್ಪಾಗುತ್ತವೆ. ಫಿಕ್ಸೆಡ್ ಡಿಪಾಜಿಟ್ಟಿನ ಹಾಗೆ ಇಟ್ಟಷ್ಟೂ ಬೆಳೆಯೋ ವಸ್ತು ಅಲ್ಲ ಅದು.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಎದುರು ಪಕ್ಷದವನು ಅಂತ ತಿಳೀಬೇಡಿ. ಆ ಪಕ್ಷದವರ ಮೇಲೂ ನನಗೆ ಸಿಟ್ಟಿದೆ. "ದೊಡ್ಡದು ಹಾಕು, ದಪ್ಪದು ಹಾಕು, ಮುಗೀತು" ಅನ್ನೋ ಪಂಥ ಅದು. ರೇಡಿಯೇಟರ್ ಅಂದರೆ ನೀರಿನ ಡ್ರಮ್ ಅಲ್ಲ. ಅದರ ಕೆಲಸ ನೀರಿನ ಶಾಖವನ್ನು ಗಾಳಿಗೆ ದಾಟಿಸೋದು. ಗಾಳಿಯೇ ಹಾಯದಿದ್ದರೆ ಎಷ್ಟು ದಪ್ಪ ಇದ್ದರೇನು? ತೀರಾ ದಪ್ಪನೆಯ ಕೋರ್ ಹಾಕಿದರೆ ನಿಧಾನದ ಟ್ರಾಫಿಕ್ಕಿನಲ್ಲಿ ಫ್ಯಾನು ಎಳೆದರೂ ಗಾಳಿ ಒಳಗೆ ನುಗ್ಗೋದು ಕಷ್ಟ. ಗಾಳಿ ಬಲು ಸೋಮಾರಿ, ಸುಲಭದ ದಾರಿ ಸಿಕ್ಕರೆ ಅದರಲ್ಲೇ ಹೋಗುತ್ತೆ. ರೇಡಿಯೇಟರಿನ ಅಕ್ಕಪಕ್ಕ ಎರಡು ಬೆರಳು ಸಂದು ಬಿಟ್ಟರೆ ಅಲ್ಲಿಂದಲೇ ಪರಾರಿ. ಅದಕ್ಕೇ ಸಂದುಗಳಿಗೆ ಫೋಮ್ ಪಟ್ಟಿ ಬೇಕು, ಫ್ಯಾನಿನ ಸುತ್ತ ಕವಚ ಬೇಕು. ಆರ್‌ಎಕ್ಸ್-7ರ ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಗಾಳಿಯನ್ನು ರೇಡಿಯೇಟರಿಗೆ ತಿರುಗಿಸೋದಕ್ಕೆ ಇರೋದು. ಆಯಿಲ್ ಬದಲಿಸುವಾಗ ಬಿಚ್ಚಿ, ಮತ್ತೆ ಹಾಕೋಕೆ ಬೇಜಾರಾಗಿ ಮೂಲೆಗೆಸೆದು, ಆಮೇಲೆ "ಗಾಡಿ ಬಿಸಿಯಾಗ್ತದ" ಅಂತ ಇನ್ನೂ ದೊಡ್ಡ ರೇಡಿಯೇಟರ್ ಹುಡುಕೋ ಬುದ್ಧಿವಂತರಿಗೆ ಏನು ಹೇಳೋಣ!

"ತಾಮ್ರ ಇರೋವಾಗ ಅಲ್ಯೂಮಿನಿಯಮ್ ಯಾಕೆ, ತಾಮ್ರವೇ ಶಾಖ ಚೆನ್ನಾಗಿ ಹರಿಸುತ್ತಲ್ಲ" ಅಂತ ಕೇಳೋರೂ ಇದ್ದಾರೆ. ಲೋಹ ಲೋಹ ಹೋಲಿಸಿದರೆ ನಿಜ, ತಾಮ್ರದ ಶಾಖವಾಹಕತೆ ಸುಮಾರು 400, ಅಲ್ಯೂಮಿನಿಯಮ್ಮಿನದು 235ರ ಆಸುಪಾಸು. ಆದರೆ ತೂಕ ನೋಡಿ, ಅಷ್ಟೇ ಗಾತ್ರದ ತಾಮ್ರ ಮೂರು ಪಟ್ಟು ಭಾರ. ಹಳೇ ರೇಡಿಯೇಟರಿನಲ್ಲಿ ಹಿತ್ತಾಳೆಯ ಕೊಳವೆಗೆ ತಾಮ್ರದ ರೆಕ್ಕೆಗಳನ್ನು ಸೀಸದ ಬೆಸುಗೆಯಿಂದ ಅಂಟಿಸುತ್ತಿದ್ದರು. ಆ ಬೆಸುಗೆ ಶಾಖಕ್ಕೆ ಅಡ್ಡ ಕೂರುತ್ತೆ. ಅಲ್ಯೂಮಿನಿಯಮ್ಮಿನಲ್ಲಿ ಕೊಳವೆ ಗಟ್ಟಿ, ಅಗಲ ಮಾಡಬಹುದು, ರೆಕ್ಕೆಗಳನ್ನು ಕುಲುಮೆಯಲ್ಲಿ ಒಟ್ಟಿಗೇ ಬೆಸೆಯಬಹುದು. ಕೈಯಲ್ಲಿರೋ ಲೋಹಕ್ಕಿಂತ ಅದನ್ನು ಜೋಡಿಸೋ ರೀತಿ ಮುಖ್ಯ.

ಹಾಗಾದರೆ ಸರಿಯಾದ ದಾರಿ ಯಾವುದು? ಹುಡುಗ ಮಾಡಿದ್ದನ್ನು ಹೇಳ್ತೀನಿ, ನಿಮ್ಮ ಮಾರುತಿಗೂ ಇದು ಅನ್ವಯಿಸುತ್ತೆ.

ಹಳೇ ಜಾಗದಲ್ಲೇ, ಹಳೇ ಬೋಲ್ಟಿಗೇ ಕೂರೋ ರೇಡಿಯೇಟರ್ ಆರಿಸಿದ. ಚಾಸಿಗೆ ಒಂದು ತೂತು ಕೊರೆಯಲಿಲ್ಲ, ಒಂದು ಕಬ್ಬಿಣ ಕೊಯ್ಯಲಿಲ್ಲ. ಹಾಕೋ ಮುಂಚೆ ಒತ್ತಡ ಕೊಟ್ಟು ಸೋರಿಕೆ ಪರೀಕ್ಷೆ ಮಾಡಿದ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿ ಕಳಚಿ, ಹಳೇ ಕೂಲಂಟ್ ಪಾತ್ರೆಗೆ ಇಳಿಸಿದ. ಮೋರಿಗೆ ಬಿಡಲಿಲ್ಲ, ಅದು ಸಿಹಿ ರುಚಿಯ ವಿಷ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಗಾಳಿಯ ಕೊಳವೆ, ಫ್ಯಾನು, ಹೋಸುಗಳನ್ನು ಬಿಚ್ಚಿ ಹಳೆಯದನ್ನು ಎತ್ತಿದ. ಹೊಸದನ್ನು ಕೆಳಗಿನ ರಬ್ಬರ್ ಬುಷ್‌ಗಳ ಮೇಲೆ ಕೂರಿಸಿದ. ರಬ್ಬರ್ ಇಲ್ಲದೆ ನೇರ ಲೋಹಕ್ಕೆ ಬಿಗಿದರೆ ಇಂಜಿನ್ನಿನ ನಡುಕಕ್ಕೆ ಬೆಸುಗೆ ಬಿಡುತ್ತೆ. ಹೋಸು, ಕ್ಲಾಂಪು, ಮುಚ್ಚಳ ಎಲ್ಲಾ ಹೊಸದು.

ಮುಚ್ಚಳದ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅದು ಬರೀ ಮುಚ್ಚಳ ಅಲ್ಲ, ಪ್ರೆಶರ್ ಕುಕ್ಕರಿನ ವೆಯ್ಟ್ ಇದ್ದ ಹಾಗೆ. 0.9 ಬಾರ್‌ನ ಮುಚ್ಚಳ ಇದ್ದರೆ ಬರೀ ನೀರು ಕೂಡ 100ರ ಬದಲು ಸುಮಾರು 118 ಡಿಗ್ರಿಯಲ್ಲಿ ಕುದಿಯುತ್ತೆ. ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಎಂಥಾ ರೇಡಿಯೇಟರ್ ಹಾಕಿದರೂ ದಂಡ. ಹಾಗಂತ ಅತೀ ಬಿಗಿ ಮುಚ್ಚಳ ಹಾಕಿದರೆ ಹಳೇ ಹೋಸು, ಸೀಲುಗಳ ಮೇಲೆ ಭಾರ. ಕಂಪನಿ ಹೇಳಿದಷ್ಟೇ ಹಾಕಬೇಕು. ನೋಡಿ, ಇಲ್ಲಿ ನಾನೂ ಓರಿಜಿನಲ್ ಪಕ್ಷ!

ಆಮೇಲೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ, ಮುಂಭಾಗ ಎತ್ತರಿಸಿ, ಹೀಟರ್ ತೆರೆದು ನಿಧಾನಕ್ಕೆ ತುಂಬಿದ. ಒಳಗೆ ಗಾಳಿಗುಳ್ಳೆ ಉಳಿದರೆ ರೋಟರಿಗೆ ಅದೇ ಯಮ. ಗುಳ್ಳೆ ನಿಲ್ಲೋತನಕ ಕಾದು, ಮರುದಿನ ತಣ್ಣಗಾದ ಮೇಲೆ ಮಟ್ಟ ನೋಡಿ ಮತ್ತೆ ಸೇರಿಸಿದ. "ಪುಣ್ಯಾದಾಗ ಹಿಮ ಬೀಳೂದಿಲ್ಲಲ್ಲ, ಕೂಲಂಟ್ ಯಾಕ ಬೇಕು, ನಳದ ನೀರು ಸಾಕು" ಅನ್ನೋ ನನ್ನ ಸಹೋದ್ಯೋಗಿಗಳೇ ಗಮನಿಸಿ. ಹಿಮಕ್ಕಲ್ಲ, ತುಕ್ಕಿಗೆ. ಬೋರಿನ ಗಡಸು ನೀರು ಕೊಳವೆಯೊಳಗೆ ಸುಣ್ಣ ಕಟ್ಟಿಸುತ್ತೆ. ಮನೆಯ ಗೀಸರ್ ಬಿಚ್ಚಿದಾಗ ನೋಡಿಲ್ಲವೇ?

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಬಿರುಕು ಬಿಟ್ಟ ಹಳೇ ರೇಡಿಯೇಟರನ್ನು ಅವನು ಗುಜರಿಗೆ ಕೊಡಲಿಲ್ಲ. ಚೆನ್ನಾಗಿ ತೊಳೆದು, ಬಟ್ಟೆ ಸುತ್ತಿ ಗ್ಯಾರೇಜಿನ ಅಟ್ಟದ ಮೇಲೆ ಇಟ್ಟಿದ್ದಾನೆ. ನಾಳೆ ಯಾರಿಗಾದರೂ ಕಾರನ್ನು 1993ರ ಸ್ಥಿತಿಗೆ ತರಬೇಕು ಅನ್ನಿಸಿದರೆ ಎರಡು ಬೋಲ್ಟು ಬಿಚ್ಚಿದರಾಯಿತು. ಇದೇ ನನ್ನ ಸೂತ್ರ. ಹಿಂದಕ್ಕೆ ಹೋಗಲು ಬರುವಂಥ ಬದಲಾವಣೆ ಅಪಚಾರ ಅಲ್ಲ. ಕೊಯ್ಯೋದು, ಕೊರೆಯೋದು, ಸುಡೋದು ಅಪಚಾರ. ಮಡಿವಂತರು ಡಬ್ಬಿಯ ಮೇಲಿನ ಹೆಸರು ನೋಡೋ ಬದಲು ಈ ಗೆರೆ ಎಲ್ಲಿದೆ ಅಂತ ನೋಡಿದ್ದರೆ ಅವರ ಜೊತೆ ನನಗೆ ಜಗಳವೇ ಇರುತ್ತಿರಲಿಲ್ಲ.

ಇನ್ನು ನನ್ನದೇ ಉದಾಹರಣೆ. ನನ್ನ ಹತ್ತಿರ 1985ರ ಪ್ರೀಮಿಯರ್ ಪದ್ಮಿನಿ ಇದೆ. 1089 ಸಿಸಿ, 40 ಅಶ್ವಶಕ್ತಿ, ಆರ್‌ಎಕ್ಸ್-7ರ ಮುಂದೆ ಎತ್ತಿನ ಬಂಡಿ. ಆದರೆ ಅದರ ತಾಮ್ರ-ಹಿತ್ತಾಳೆಯ ರೇಡಿಯೇಟರಿನ ಮೇಲಿನ ಟ್ಯಾಂಕು ಮಾತ್ರ ಹಳೆಯದು. ಕ್ಯಾಂಪಿನಲ್ಲಿ ಒಬ್ಬ ಚಾಚಾ ಇದ್ದರು, ಗ್ಯಾಸ್ ದೀಪ, ಸೀಸದ ಕಡ್ಡಿ, ನೀರಿನ ಹೌದು, ಇಷ್ಟೇ ಬಂಡವಾಳ. ರೇಡಿಯೇಟರನ್ನು ಹೌದಿನಲ್ಲಿ ಮುಳುಗಿಸಿ ಗಾಳಿ ಊದಿ, ಗುಳ್ಳೆ ಏಳೋ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕೋರು. ನನ್ನ ಪದ್ಮಿನಿಗೆ ಒಳಗಿನ ಕೋರ್ ಪೂರ್ತಿ ಹೊಸದು ಕಟ್ಟಿಕೊಟ್ಟರು. ಆ ರೇಡಿಯೇಟರ್ ಓರಿಜಿನಲ್ಲೋ ಡುಪ್ಲಿಕೇಟೋ, ಮಡಿವಂತರು ಹೇಳಲಿ! ಮೇಲಿನ ಟ್ಯಾಂಕು ಕಂಪನಿಯದು, ಒಳಗಿನ ಜೀವ ಚಾಚಾನದು. ಖಂಬಾಟ್ಕಿಯನ್ನು ಕುದಿಯದೆ ಏರಿತು, ನನಗೆ ಅಷ್ಟು ಸಾಕು.

ಇಂಥ ಅಂಗಡಿಗಳು ಈಗ ವಿರಳ. ಅಂಚು ಮಡಚಿ ಬಿಗಿದ ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರನ್ನು ಬೆಸೆಯೋಕೆ ಬರೋದಿಲ್ಲ, ಒಡೆದರೆ ಬಿಸಾಕಿ ಇನ್ನೊಂದು ಕೊಳ್ಳಬೇಕು. ನೂರಿನ್ನೂರು ರೂಪಾಯಿಯ ಕೈಕೆಲಸದಲ್ಲಿ ಮುಗೀತಿದ್ದದ್ದಕ್ಕೆ ಈಗ ಸಾವಿರಗಟ್ಟಲೆ. "ಓರಿಜಿನಲ್ ಮಾತ್ರ" ಅನ್ನೋ ಮಂತ್ರ ರಿಪೇರಿ ಮಾಡುವವನ ಅನ್ನ ಕಿತ್ತುಕೊಂಡಿತು, ಗ್ರಾಹಕನ ಜೇಬನ್ನೂ ಕಿತ್ತಿತು.

ಸರ್ಕಾರದ್ದೂ ಇದೇ ಮಡಿ. ಅದು ಯಂತ್ರದ ಆರೋಗ್ಯಕ್ಕಿಂತ ಜಾತಕ ನೋಡುತ್ತೆ. ಹಳೇ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ಲಿನಿಂದ 5,000 ಆಯಿತು. 2025ರ ಆಗಸ್ಟಿನ ಆದೇಶದಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಗ್ರೀನ್ ಟ್ಯಾಕ್ಸ್ ಬೇರೆ. ಅದೇ ಕಾರು 50 ವರ್ಷ ದಾಟಿದರೆ 2021ರ ನಿಯಮದ ಪ್ರಕಾರ "ವಿಂಟೇಜ್" ಆಗಿ ವಿಎ ಅಕ್ಷರದ ವಿಶೇಷ ನಂಬರ್ ಪ್ಲೇಟು ಸಿಗುತ್ತೆ. ಅಂದರೆ 20ರಿಂದ 50ರವರೆಗೆ ಅದು ಶನಿ, 50 ಮುಗಿದ ಮರುದಿನ ಗುರು! ಆ ನಡುವಿನ ಮೂವತ್ತು ವರ್ಷ ಬದುಕದೆ ಐವತ್ತಕ್ಕೆ ಮುಟ್ಟೋದು ಹೇಗೆ ಸ್ವಾಮಿ? ಟೆಕ್ಸಸ್‌ನಲ್ಲಿ 25 ವರ್ಷಕ್ಕೇ ಹಳೇ ಕಾರಿನ ವಿಶೇಷ ಪ್ಲೇಟು ಕೊಡ್ತಾರೆ.

"ಮಾಡಿಫಿಕೇಷನ್ ಮಾಡಿದರೆ ಪೊಲೀಸರು ಹಿಡೀತಾರೆ" ಅಂತ ಹೆದರಿಸೋರಿಗೂ ಒಂದು ಮಾತು. 2019ರಲ್ಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ ತೀರ್ಪು ಕೊಟ್ಟಿದ್ದು, ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನದ ನೋಂದಾಯಿತ ವಿವರಗಳೇ ಬದಲಾಗುವಂಥ ಮಾರ್ಪಾಡಿನ ಬಗ್ಗೆ. ನಿಮ್ಮ ಆರ್.ಸಿ. ತೆಗೆದು ನೋಡಿ. ಇಂಜಿನ್ ನಂಬರ್ ಇದೆ, ಚಾಸಿ ನಂಬರ್ ಇದೆ, ಬಣ್ಣವೂ ಇದೆ. ರೇಡಿಯೇಟರಿಗೆ ಕಾಲಂ ಇಲ್ಲ. ವಿಂಟೇಜ್ ನಿಯಮ ಬೇಡ ಅನ್ನೋದೂ ಚಾಸಿ, ಬಾಡಿ, ಇಂಜಿನ್ನಿನ ಮಾರ್ಪಾಡನ್ನೇ. ಕಾನೂನಿಗೇ ಇಲ್ಲದ ಮಡಿ ನಮಗ್ಯಾಕೆ?

ನಾವು ಊರು ಬಿಟ್ಟು ಬಂದವರು. ನನಗೆ ಪುಣೆಯಲ್ಲಿ ಮೂವತ್ತು ವರ್ಷದ ಹತ್ತಿರ ಆಯಿತು. ಇಲ್ಲಿ ನಮ್ಮನ್ನು ಕೇಳ್ತಾರೆ, "ತುಮ್ಹೀ ಮೂಳಚೇ ಕುಠಲೇ?" ಊರಿಗೆ ಹೋದರೆ ಅವರೂ ಅಂತಾರೆ, "ನೀ ಈಗ ಪುಣ್ಯಾದಾಂವ ಆದಿ ಬಿಡು." ಮೂಲದ ಡಬ್ಬಿ ಬಿಟ್ಟ ಮೇಲೆ ಯಾರೂ ಓರಿಜಿನಲ್ ಅನ್ನೋದಿಲ್ಲ. ಆದರೂ ಬಂದ ಜಾಗದ ಬೋಲ್ಟಿಗೆ ಸರಿಯಾಗಿ ಕೂತು, ಸೋರದೆ, ಬಿಸಿಯಾದಾಗ ತಣಿಸಿ ಕೆಲಸ ಮಾಡಿಕೊಂಡೇ ಬಂದಿದ್ದೇವೆ. ನಮ್ಮಂಥವರ ಬಾಯಿಂದಲೇ "ಡುಪ್ಲಿಕೇಟ್" ಅನ್ನೋ ಬೈಗುಳ ಬಂದಾಗ ನನಗೆ ಹೆಚ್ಚು ಬೇಸರ.

ಅಣ್ಣಾ, ನೀನು ಇದನ್ನು ಓದ್ತೀಯ ಅಂತ ಗೊತ್ತು. ನಿನ್ನ ಮಗನ ಕಾರು ಕಳೆದ ಬೇಸಿಗೆಯನ್ನು ಕುದಿಯದೆ ದಾಟಿದೆ, ಇಂಜಿನ್ ಓರಿಜಿನಲ್ಲೇ ಇದೆ. ಯಾಕಿದೆ ಅಂತ ನೀನೇ ಹೇಳು. ಓದುಗರೇ, ನಿಮ್ಮ ಮನೆಯ ಗಾಡಿಯ ಬಾನೆಟ್ ಒಮ್ಮೆ ಎತ್ತಿ, ಇಂಜಿನ್ ತಣ್ಣಗಿರುವಾಗ, ಆ ಪ್ಲಾಸ್ಟಿಕ್ ಟ್ಯಾಂಕಿನ ಬಣ್ಣ ನೋಡಿ. ಕಂದಾಗಿದ್ದರೆ ಡಬ್ಬಿಯ ಹೆಸರಿಗೆ ಕಾಯಬೇಡಿ. ಏನಂತೀರಿ?